ಪಕ್ಕದ ಮೇಜಿನ ಹಸಿರು ಶಾಯಿ

ಜೂನ್ ೩

ಅಮ್ಮಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಪ್ರಶ್ನೆ. ನೀನು ಯಾವಾಗಿನಿಂದ ಇಂಗ್ಲಿಷ್ ಕಲಿಯುತ್ತಿದ್ದೀಯ?

ನಮ್ಮ ಅಂಚೆ ಶಿಕ್ಷಣ ಕೇಂದ್ರದ ಹಾಲ್ ನಿನಗೆ ಗೊತ್ತಲ್ಲ, ಆರು ಮೇಜು, ಆರು ಜನ ತಿದ್ದುವವರು. ಊರೂರಿನಿಂದ ಜನ ಇಂಗ್ಲಿಷ್ ಪಾಠ ಬರೆದು ಕಳಿಸುತ್ತಾರೆ, ನಾವು ತಪ್ಪು ತಿದ್ದಿ ವಾಪಸ್ ಕಳಿಸುತ್ತೇವೆ. ಹಾಳೆಯ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಇವತ್ತು ಬೆಳಗ್ಗೆ ಪಕ್ಕದ ಮೇಜಿನವಳ ಕಟ್ಟು ಬಿಚ್ಚಿಕೊಂಡು ನಾಲ್ಕು ಹಾಳೆ ನನ್ನ ಕಡೆ ಜಾರಿದವು. ಎತ್ತಿಕೊಡಲು ಬಗ್ಗಿದರೆ, ಒಂದರ ಮೇಲೆ ನಿನ್ನ ಅಕ್ಷರ! ಪ್ರತಿ ಸಾಲು ಮುಗಿದಾಗಲೂ ಒಂದು ಸಣ್ಣ ಗೀಟು ಎಳೆಯುವವರು ಈ ಭೂಮಿಯಲ್ಲಿ ಬೇರೆ ಯಾರಿದ್ದಾರೆ? ಆಸ್ಪತ್ರೆಯ ಹೊದಿಕೆಗಳ ಪಟ್ಟಿಯನ್ನೂ ನೀನು ಹಾಗೆಯೇ ಬರೆಯುತ್ತಿದ್ದೆ.

ಅದು ಏಳನೆಯ ಪಾಠ ಅಮ್ಮಾ. ಒಂದರಿಂದ ಆರರವರೆಗೆ ಅವಳ ಕೈಯಲ್ಲಿ ಆಗಿಹೋಗಿವೆ. ನಾನು ಅಲ್ಲೇ, ಎರಡು ಮೊಳ ದೂರದಲ್ಲಿ ಕೂತು, ಯಾರ ಯಾರದೋ ತಪ್ಪು ತಿದ್ದುತ್ತಿದ್ದೆ.

"ಇದ್ಯಾರದು?" ಎಂದು ಕೇಳಿದೆ.

"ನನ್ನ ಚಿನ್ನದಂಥ ಸ್ಟೂಡೆಂಟು. ಕೊಡಿ ಇಲ್ಲಿ," ಎಂದು ಕಿತ್ತುಕೊಂಡಳು.

ಅವಳ ಸ್ಟೂಡೆಂಟಂತೆ. ಹಿತ್ತಲ ಗಿಡ ಮದ್ದಲ್ಲ ಎಂದು ನೀನೂ ತೀರ್ಮಾನ ಮಾಡಿದೆಯಲ್ಲ. ಉತ್ತರ ಬರೆ, ಬೇಗ.

ಎರಡು ಮೊಳ ದೂರದ
ನಿನ್ನ ಮಗಳು


ಜೂನ್ ೧೪

ಮಗಳೇ,

ಕ್ಷೇಮ ಸಮಾಚಾರ ಆಮೇಲೆ ಎಂದವಳು ಆಮೇಲೂ ಬರೆಯಲಿಲ್ಲ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ.

ನಮ್ಮ ಆಸ್ಪತ್ರೆಯ ಬಟ್ಟೆ ಕೋಣೆಯ ಉಸ್ತುವಾರಿ ಅಮ್ಮ ಸೆಪ್ಟೆಂಬರ್ ಕೊನೆಗೆ ನಿವೃತ್ತಿಯಾಗುತ್ತಾರೆ. ಆ ಜಾಗ ನನಗೆ ಬೇಕು. ಇಪ್ಪತ್ತೆರಡು ವರ್ಷದಿಂದ ಈ ಕೋಣೆಯಲ್ಲಿದ್ದೇನೆ, ಯಾವ ವಾರ್ಡಿನ ಹೊದಿಕೆ ಯಾವ ಮೂಲೆಯಲ್ಲಿ ಹರಿಯುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಆದರೆ ಉಸ್ತುವಾರಿಗೆ ಇಂಗ್ಲಿಷ್ ಪರೀಕ್ಷೆ ಪಾಸಾಗಿರಬೇಕಂತೆ. ಸೆಪ್ಟೆಂಬರ್ ಹದಿನೆಂಟಕ್ಕೆ ಪರೀಕ್ಷೆ. ಪಾಸಾಗದಿದ್ದರೆ ಹೊರಗಿನಿಂದ ಯಾರನ್ನೋ ತರುತ್ತಾರೆ, ನಾನು ಅವಳಿಗೆ ಮಡಿಕೆ ಹಾಕುವುದು ಕಲಿಸಿಕೊಟ್ಟು ಅವಳ ಕೈಕೆಳಗೇ ಇರಬೇಕು.

ಹಿತ್ತಲ ಗಿಡದ ಮಾತು ತೆಗೆದೆ. ಗಿಡದ ತುಂಬ ಮುಳ್ಳಿದ್ದರೆ ಮದ್ದಿಗೆ ಕೈ ಹಾಕುವುದು ಹೇಗೆ? ನಿನಗೆ ಕೆಲಸ ಸಿಕ್ಕ ವರ್ಷ ನಾನೊಂದು ಕಾಗದ ಬರೆದಿದ್ದೆ, ನೆನಪಿದೆಯಾ? ಇಂಗ್ಲಿಷಿನಲ್ಲಿ. ಒಂದು ಪುಟಕ್ಕೆ ಮೂರು ಭಾನುವಾರ ಹಿಡಿಯಿತು. ಎಂಟು ದಿನಕ್ಕೆ ಅದು ವಾಪಸ್ ಬಂತು, ನಿಮ್ಮ ಕೇಂದ್ರದ ಕವರಿನಲ್ಲಿ. ಹನ್ನೊಂದು ಕಡೆ ಕೆಂಪು ಶಾಯಿ. ಕೊನೆಗೆ ಹತ್ತಕ್ಕೆ ಆರು ಅಂಕ. ಅದರ ಕೆಳಗೆ ರಬ್ಬರ್ ಸ್ಟಾಂಪು: 'ಇನ್ನೂ ಶ್ರಮ ಪಡಿ'.

ಅದರಲ್ಲಿ ನಾನು ಏನು ಬರೆದಿದ್ದೆ ಎಂದು ನಿನಗೆ ನೆನಪಿದೆಯಾ?

ಕಾಗದ ಇನ್ನೂ ಇದೆ, ಕಪಾಟಿನಲ್ಲಿ ಟವೆಲ್ಲುಗಳ ಕೆಳಗೆ. ಈ ಸಲ ಅರ್ಜಿ ತುಂಬುವಾಗ 'ವಿಶೇಷ ಕೋರಿಕೆ' ಎಂಬ ಜಾಗದಲ್ಲಿ ಬರೆದೆ, 'ದಯವಿಟ್ಟು ಕೆಂಪು ಶಾಯಿಯವರಿಗೆ ಕೊಡಬೇಡಿ'. ಅವರು ಪುಣ್ಯಾತ್ಮರು, ಹಸಿರು ಶಾಯಿಯವರಿಗೆ ಕೊಟ್ಟರು.

ಸ್ಟಾಂಪಿಗೆ ಹೆದರಿದ
ನಿನ್ನ ಅಮ್ಮ


ಜೂನ್ ೨೨

ಅಮ್ಮಾ,

ಆ ಕಾಗದ ಹಾಳೆಗಳ ಕಟ್ಟಿನ ಜೊತೆಗೇ ಬಂದಿತ್ತು. ದಿನಕ್ಕೆ ಎಂಬತ್ತು ಹಾಳೆ ತಿದ್ದುವ ಕೈ ಅಮ್ಮಾ ಇದು, ಯಾರದು ಎಂದು ನೋಡುವ ಮೊದಲೇ ಓಡಿರುತ್ತದೆ. ನಿನ್ನದೆಂದು ತಿಳಿದಾಗ ಅರ್ಧ ತಿದ್ದಿ ಆಗಿತ್ತು. ಇನ್ನರ್ಧ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಪೂರ್ತಿ ಮಾಡಿದೆ. ನೀನು ನಗುತ್ತೀಯ ಎಂದುಕೊಂಡಿದ್ದೆ. ಆರು ಅಂಕ ನಾನು ಯಾರಿಗೂ ಸುಮ್ಮಸುಮ್ಮನೆ ಕೊಡುವವಳಲ್ಲ.

ಏನು ಬರೆದಿದ್ದೆ ಎಂದು ಕೇಳಿದ್ದೀಯ. ಎರಡು ಕಡೆ ಭೂತಕಾಲ ತಪ್ಪಿತ್ತು. ಅಷ್ಟು ನೆನಪಿದೆ.

ಇನ್ನು ನಿನ್ನ ಹಸಿರು ಶಾಯಿಯ ವಿಷಯ. ಹಾಲ್‌ನಲ್ಲಿ ಅವಳಿಗೆ ಅದೇ ಹೆಸರು. ಎಲ್ಲರಿಗೂ ಕೆಂಪು ಪೆನ್ನು ಕೊಟ್ಟಿದ್ದಾರೆ, ಇವಳಿಗೆ ಮಾತ್ರ ಸ್ವಂತ ಬಣ್ಣ. ತಪ್ಪನ್ನು ತಿದ್ದುವುದೂ ಇಲ್ಲ, ಅಂಚಿನಲ್ಲಿ ಒಂದು ಚುಕ್ಕಿ ಇಟ್ಟು ಕೂರುತ್ತಾಳೆ. ಬರೆದವರೇ ಹುಡುಕಿಕೊಳ್ಳಬೇಕಂತೆ. ಇದೇನು ತಿದ್ದುವುದೋ ಕಣ್ಣಾಮುಚ್ಚಾಲೆಯೋ! ಅವಳ ಮೇಜಿನ ಮೇಲೆ ವಿದ್ಯಾರ್ಥಿಗಳು ಕಳಿಸಿದ ಫೋಟೋಗಳು, ಒಣಗಿದ ಹೂವು, ಯಾರೋ ಹೆಣೆದು ಕಳಿಸಿದ ಪೆನ್ನಿನ ಚೀಲ. ನನ್ನ ಮೇಜಿನ ಮೇಲೆ ಸ್ಟಾಂಪು ಮತ್ತು ಶಾಯಿ ದಿಂಬು. ನಿನ್ನೆ ನಿನ್ನ ಹಾಳೆ ಓದುತ್ತ ಅವಳು ನಕ್ಕಳು. ಜೋರಾಗಿ, ಸಂತೋಷವಾಗಿ. ನೀನು ಅವಳನ್ನು ನಗಿಸುವಂಥದ್ದು ಏನು ಬರೆದೆ?

ನನಗೇನೂ ಹೊಟ್ಟೆಕಿಚ್ಚಿಲ್ಲ. ನಿನ್ನ ಪರೀಕ್ಷೆಯ ದೃಷ್ಟಿಯಿಂದ ಹೇಳುತ್ತಿದ್ದೇನೆ. ಮುಂದಿನ ಪಾಠಗಳನ್ನು ನೇರವಾಗಿ ನನಗೆ ಕಳಿಸು, ಎರಡೇ ತಿಂಗಳಲ್ಲಿ ನಿನ್ನನ್ನು ಸಿದ್ಧ ಮಾಡುತ್ತೇನೆ.

ನಿನ್ನದೇ ಹಿತ್ತಲಿನ
ಮುಳ್ಳು ಗಿಡ


ಜುಲೈ ೧೦

ಮುಳ್ಳು ಗಿಡವೇ,

ಹೊಟ್ಟೆಕಿಚ್ಚಿಲ್ಲ ಎಂದು ಬರೆದ ಸಾಲಿನಲ್ಲಿ ನಿನ್ನ ಪೆನ್ನು ಕಾಗದ ತೂತು ಮಾಡಿದೆ. ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸ, ಕಾಣದೆ ಇರುತ್ತದೆಯೇ?

ಆ ಮೇಡಂ ಚುಕ್ಕಿ ಇಡುವುದು ನಿನಗೆ ಕಣ್ಣಾಮುಚ್ಚಾಲೆ. ನನಗೆ ಅದು ಮನೆ ಸೇರಿದ ಹಾಗಿದೆ. ನಮ್ಮ ಕೋಣೆಯಲ್ಲೂ ಹೀಗೆಯೇ. ಒಗೆದು ಬಂದ ಹೊದಿಕೆಯನ್ನು ಕಿಟಕಿಗೆ ಹಿಡಿದು ನೋಡುತ್ತೇವೆ. ಹರುಕು ಕಂಡರೆ ಅದರ ಪಕ್ಕ ಒಂದೆಳೆ ದಾರ ಕಟ್ಟಿ ಬಿಡುತ್ತೇವೆ. ಯಾರು ಹರಿದರು, ಎಷ್ಟು ಹರಿದರು ಎಂದು ಬರೆಯುವುದಿಲ್ಲ. ಹೊಲಿಯುವವಳು ದಾರ ನೋಡಿ ಹೊಲಿಯುತ್ತಾಳೆ. ಆಮೇಲೆ ದಾರ ಕಟ್ಟಿದವಳೇ ಮತ್ತೊಮ್ಮೆ ಕಿಟಕಿಗೆ ಹಿಡಿದು, ಸರಿಯಿದ್ದರೆ ತನ್ನ ಕೈಯಾರೆ ದಾರ ಬಿಚ್ಚುತ್ತಾಳೆ. ಬೇರೆ ಯಾರೂ ಬಿಚ್ಚುವಂತಿಲ್ಲ.

ಈಗ ಒಂಬತ್ತನೆಯ ಪಾಠಕ್ಕೆ ಬಂದಿದ್ದೇನೆ, ತಲೆ ಕೆಟ್ಟು ಹೋಗಿದೆ. ಮನಸ್ಸಿನ ಭಾವನೆಗಳ ಪಾಠ. ಸ್ವಂತ ವಾಕ್ಯ ಹತ್ತು ಬರೆಯಬೇಕು. ನಾವು ಎಲ್ಲವನ್ನೂ ಒಬ್ಬರ ಮೇಲೆಯೇ ಹೇರುತ್ತೇವೆ. ಸಿಟ್ಟು ಅವರ ಮೇಲೆ, ಪ್ರೀತಿ ಅವರ ಮೇಲೆ, ಹೊಟ್ಟೆಕಿಚ್ಚೂ ಅವರ ಮೇಲೆಯೇ. ಇಂಗ್ಲಿಷಿನವರು ಒಂದೊಂದಕ್ಕೂ ಬೇರೆ ಕಪಾಟು ಮಾಡಿಟ್ಟಿದ್ದಾರೆ. ಆಂಗ್ರಿ ಆದರೆ ವಿತ್ ಅಂತೆ, ಪ್ರೌಡ್ ಆದರೆ ಆಫ್ ಅಂತೆ, ವರೀಡ್ ಆದರೆ ಅಬೌಟ್ ಅಂತೆ. ನನ್ನ ಕೈ ಮಾತ್ರ ಎಲ್ಲದಕ್ಕೂ 'ಆನ್' ಎಂದೇ ಬರೆಯುತ್ತದೆ. ಆದರೂ ಹತ್ತು ವಾಕ್ಯ ಬರೆದೆ, ನಿಜವಾದವನ್ನೇ ಬರೆದೆ. ಸುಳ್ಳು ಬರೆದರೆ ಯಾವ ಕಪಾಟು ಎಂದು ಗೊತ್ತಾಗುವುದಿಲ್ಲ.

ನಿನ್ನೆ ಅಂಚೆಗೆ ಹಾಕಿದೆ. ಆ ಮೇಡಂಗೆ. ನೀನು ಕೇಳಿದ್ದಕ್ಕೆ ಇದೇ ಉತ್ತರ, ಬೇಜಾರು ಮಾಡಿಕೊಳ್ಳಬೇಡ.

ಅಮ್ಮ


ಜುಲೈ ೨೮

ಅಮ್ಮಾ,

ಕ್ಷೇಮ. ಇಲ್ಲಿ ಸೆಕೆ ಜಾಸ್ತಿ. ಹಾಲ್‌ನ ಎರಡನೆಯ ಫ್ಯಾನು ಕೆಟ್ಟಿದೆ, ಹಾಳೆ ಹಾರುವುದಿಲ್ಲ ಎಂಬುದೊಂದೇ ಲಾಭ. ಹೊಸ ಚಪ್ಪಲಿ ತೆಗೆದುಕೊಂಡೆ, ಕಚ್ಚುತ್ತಿದೆ.

ಅಂಚೆಯವರು ಈಚೆಗೆ ಬಹಳ ಅಸಡ್ಡೆ ಮಾಡುತ್ತಾರೆ. ನಿನ್ನ ಪಾಠ ಏನಾದರೂ ತಡವಾದರೆ ಗಾಬರಿ ಆಗಬೇಡ.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ಮಗಳು


ಆಗಸ್ಟ್ ೯

ಮಗಳೇ,

ಒಂಬತ್ತನೆಯ ಪಾಠ ಬರಲಿಲ್ಲ. ಕೇಂದ್ರಕ್ಕೆ ಬರೆದು ಕೇಳಿದೆ. ನಿಮ್ಮ ಮೇಲ್ವಿಚಾರಕರು ಉತ್ತರಿಸಿದ್ದಾರೆ: ಹಾಳೆ ಬಂದದ್ದು ನಿಜ, ಮೇಜಿನಿಂದ ಕಳೆದುಹೋಗಿದೆ, ಆ ತಿದ್ದುವವರಿಗೆ ಎಚ್ಚರಿಕೆ ಕೊಟ್ಟಿದ್ದೇವೆ. ಆ ಮೇಡಂಗೆ ಒಂಬತ್ತು ವರ್ಷದಲ್ಲಿ ಇದೇ ಮೊದಲ ಎಚ್ಚರಿಕೆಯಂತೆ, ನನ್ನ ದೆಸೆಯಿಂದ.

ಒಂಬತ್ತು ಮುಗಿಯದೆ ಹತ್ತನೆಯ ಪಾಠ ಕಳಿಸುವುದಿಲ್ಲವಂತೆ. ಹತ್ತರಲ್ಲಿ ಅಧಿಕೃತ ಪತ್ರ ಬರೆಯುವುದಿದೆ, ಪರೀಕ್ಷೆಗೆ ಅದೇ ಮುಖ್ಯ. ನಲವತ್ತು ದಿನ ಉಳಿದಿದೆ. ಬಟ್ಟೆ ಕೋಣೆಯಲ್ಲಿ ಉಳಿದವರಿಗೆಲ್ಲ ಬಾಯಿ ಬಿಟ್ಟು ಹೇಳಿಕೊಂಡಿದ್ದೇನೆ, ನಾನೇ ಉಸ್ತುವಾರಿ ಆಗುತ್ತೇನೆಂದು. ಈಗ ಊಟ ಸೇರುತ್ತಿಲ್ಲ.

ತಡವಾಗಬಹುದು ಎಂದು ನೀನು ಮೊದಲೇ ಬರೆದಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಇನ್ನೂ ಕಳ್ಳ ಎಂದಿರಲೇ ಇಲ್ಲ.

ನಾನು ಏನನ್ನೂ ಕೇಳುವುದಿಲ್ಲ.

ಅಮ್ಮ


ಆಗಸ್ಟ್ ೧೨

ಪಕ್ಕದ ಮೇಜಿನವರಿಗೆ,

ಕೆಲಸದ ವೇಳೆಯಲ್ಲಿ ಮಾತಾಡುವಂತಿಲ್ಲ, ಮಾತಾಡಿದರೆ ಐದು ಜನ ಕೇಳಿಸಿಕೊಳ್ಳುತ್ತಾರೆ. ಅದಕ್ಕೆ ಈ ಚೀಟಿ.

ನಿನ್ನೆ ನೀವು ಸ್ಟಾಂಪು ತೆಗೆಯಲು ಡ್ರಾಯರ್ ಎಳೆದಾಗ ಒಂದು ಹಾಳೆಯ ಮೂಲೆ ಕಂಡಿತು. ಸಾಲಿನ ಕೊನೆಗೆ ಗೀಟು ಇತ್ತು. ಅವರು ನಿಮ್ಮ ತಾಯಿ ಎಂದು ನನಗೆ ಮೊದಲ ಪಾಠದಿಂದಲೇ ಗೊತ್ತು. ಅವರೇ ಬರೆದಿದ್ದರು. ನಿಮ್ಮ ಪಕ್ಕದಲ್ಲೇ ಕೂರುತ್ತೇನೆ ಎಂದು ನಾನೂ ಬರೆದಿದ್ದೆ.

ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನನ್ನ ಎಚ್ಚರಿಕೆಯ ವಿಷಯ ಬಿಡಿ. ಆ ಹೆಂಗಸು ಪರೀಕ್ಷೆಗೆ ಕೂರಬೇಕು. ಎಲ್ಲಿ ಹರಿದಿದೆ ಎಂದು ನಿಮಗೇ ಗೊತ್ತಿದೆ.

ಇನ್ನೊಂದು ಮಾತು. ನಿಮಗೆ ಇಷ್ಟವಾಗುವುದಿಲ್ಲ, ಆದರೂ ಬರೆಯುತ್ತೇನೆ. ಪ್ರತಿ ಪಾಠದ ಕೊನೆಗೆ ಅವರು ಕನ್ನಡದಲ್ಲಿ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. 'ಪಕ್ಕದ ಮೇಜಿನ ಹುಡುಗಿ ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡುತ್ತಾಳಾ?' ಅವರ ಹಾಳೆ ಓದಿ ನಾನು ನಕ್ಕದ್ದು ಆ ಪ್ರಶ್ನೆಗೆ.

ಹಸಿರು ಶಾಯಿ


ಆಗಸ್ಟ್ ೧೪

ಅಮ್ಮಾ,

ನಾನೇ ತೆಗೆದೆ.

ಜುಲೈ ಹದಿನೈದರಂದು ಅವಳು ಕೈ ತೊಳೆಯಲು ಎದ್ದಳು. ನಿನ್ನ ಹಾಳೆ ಕಟ್ಟಿನ ಮೇಲೇ ಇತ್ತು. ಓದಿ ಇಟ್ಟುಬಿಡೋಣ ಎಂದುಕೊಂಡೆ. ಎರಡನೆಯ ವಾಕ್ಯದಲ್ಲಿ 'ಪ್ರೌಡ್ ಆನ್ ಮೈ ಡಾಟರ್' ಎಂದು ನೀನು ಬರೆದಿದ್ದೆ. ನನಗೆ ಎಂದೂ ಹೇಳದ ಮಾತು, ಅವಳಿಗೆ ಹೇಳಿದ್ದೆ! ಮೂರನೆಯದು ಓದಿದೆ. 'ಅಫ್ರೇಡ್ ಆನ್ ಮೈ ಡಾಟರ್.' ಹಾಳೆ ಡ್ರಾಯರಿಗೆ ಹೋಯಿತು. ಅದನ್ನು ಅವಳು ಓದಬಾರದು ಎಂಬುದೊಂದೇ ತಲೆಯಲ್ಲಿತ್ತು. ಪರೀಕ್ಷೆ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೂ ಇಟ್ಟುಕೊಂಡೆ.

ಹತ್ತು ವರ್ಷದಿಂದ ಇದೇ ಕೆಲಸ, ಆ 'ಆನ್' ತೆಗೆದು ಏನು ಹಾಕಬೇಕೆಂದು ಗೊತ್ತಾಗಲಿಲ್ಲ. 'ಆಫ್' ಹಾಕಿದರೆ ನನ್ನನ್ನು ಕಂಡರೆ ನಿನಗೆ ಭಯ. 'ಫಾರ್' ಹಾಕಿದರೆ ನನಗೆ ಏನಾದೀತೋ ಎಂದು ಭಯ. ಯಾವುದಮ್ಮಾ?

ಇವತ್ತು ಮೇಲ್ವಿಚಾರಕರ ಮುಂದೆ ನಿಂತು ಒಪ್ಪಿಕೊಂಡೆ. "ನೀವಾ? ನಿಮ್ಮಂಥವ್ರು ಹೀಗ್ ಮಾಡೋದಾ?" ಎಂದರು. ಅವಳ ಎಚ್ಚರಿಕೆ ರದ್ದಾಯಿತು. ನನ್ನನ್ನು ಮೂರು ತಿಂಗಳು ಮೇಜಿನಿಂದ ಎಬ್ಬಿಸಿ, ಕವರು ಅಂಟಿಸುವ ಕೋಣೆಗೆ ಹಾಕಿದ್ದಾರೆ. ನಿನ್ನ ಒಂಬತ್ತನೆಯ ಪಾಠ ಅವಳು ಕೂತಲ್ಲೇ ನೋಡಿಕೊಟ್ಟಳು. ಹತ್ತನೆಯದರ ಜೊತೆ ಕವರಿಗೆ ಹಾಕಿ ಅಂಟಿಸಿದವಳು ನಾನೇ.

ಇದರೊಳಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ನಾನೂ ಒಂಬತ್ತನೆಯ ಪಾಠ ಬರೆದಿದ್ದೇನೆ, ಇಂಗ್ಲಿಷಿನಲ್ಲಿ ಹತ್ತು ವಾಕ್ಯ. ತಿದ್ದುವವಳು ನೀನು. ಯಾವ ಬಣ್ಣವಾದರೂ ಸರಿ, ಸ್ಟಾಂಪಾದರೂ ಸರಿ.

ಕವರಿನ ಕೋಣೆಯಿಂದ
ನಿನ್ನ ಮಗಳು


ಆಗಸ್ಟ್ ೨೪

ಮಗಳೇ,

ಎರಡು ದಿನ ನಿನ್ನ ಕಾಗದ ಮುಟ್ಟಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಹೆಗ್ಗಣ ಹೆತ್ತವರ ಬಟ್ಟೆಯನ್ನೇ ಕಡಿದರೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ. ನನ್ನ ಒಂದು ತಿಂಗಳು ತಿಂದುಹಾಕಿದೆ ನೀನು. ಈ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ತಿಳಿದಿರಲಿ.

ಭಯ ಯಾವುದು ಎಂದು ಕೇಳಿದ್ದೀಯ. ನೀನು ಹುಟ್ಟಿದಾಗಿನಿಂದ ನಿನಗಾಗಿ ಭಯ. ಆ ಸ್ಟಾಂಪಿನ ಕಾಗದ ಬಂದ ಮೇಲೆ ನಿನ್ನನ್ನು ಕಂಡರೆ ಭಯ. ಎರಡೂ ಇವೆ, ಎರಡೂ ಬರೆದುಕೋ.

ಹತ್ತನೆಯ ಪಾಠ ಬಂತು. ಓದುತ್ತಿದ್ದೇನೆ. ಕೋಣೆಯವರು ನನ್ನ ಪಾಲಿನ ಮಡಿಕೆಯನ್ನೂ ಹಾಕುತ್ತಿದ್ದಾರೆ.

ನಿನ್ನ ಹಾಳೆ ವಾಪಸ್ ಕಳಿಸಿದ್ದೇನೆ. ನನಗೆ ಬರುವ ಇಂಗ್ಲಿಷಿಗೆ ಅದರಲ್ಲಿ ಒಂದು ತಪ್ಪೂ ಕಾಣಲಿಲ್ಲ. ಕಪಾಟುಗಳೆಲ್ಲ ಸರಿಯಾಗಿವೆ. ಆದರೂ ಅಭ್ಯಾಸ, ಕಿಟಕಿಗೆ ಹಿಡಿದು ನೋಡಿದೆ. ಒಂದು ಕಡೆ ದಾರ ಕಟ್ಟಿದ್ದೇನೆ.

ಅಮ್ಮ


ಸೆಪ್ಟೆಂಬರ್ ೧

ಅಮ್ಮಾ,

ಕವರು ತೆರೆದೆ. ಶಾಯಿಯೇ ಇಲ್ಲ. ಎಂಟನೆಯ ವಾಕ್ಯದ ಪಕ್ಕ, ಸೂಜಿಯಲ್ಲಿ ಪೋಣಿಸಿ ಗಂಟು ಹಾಕಿದ ಒಂದೆಳೆ ನೀಲಿ ದಾರ.

ಎಂಟನೆಯದು ಹೀಗಿತ್ತು: 'ಐ ಆಮ್ ನಾಟ್ ಜೆಲಸ್ ಆಫ್ ದಿ ಲೇಡಿ ಅಟ್ ದಿ ನೆಕ್ಸ್ಟ್ ಟೇಬಲ್.' ಪಕ್ಕದ ಮೇಜಿನವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದೆ! ನಾನೇ ಆಗಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ.

ಹೊಲಿದಿದ್ದೇನೆ. 'ನಾಟ್' ಹೊಡೆದು ಹಾಕಿದೆ. ಕನ್ನಡದಲ್ಲೂ ಹೇಳಿಬಿಡುತ್ತೇನೆ. ಅವಳ ಹಸಿರು ಶಾಯಿಯ ಮೇಲೆ, ಆ ಚುಕ್ಕಿಗಳ ಮೇಲೆ, ಒಣಗಿದ ಹೂವಿನ ಮೇಲೆ ಕೂಡ ನನಗೆ ಹೊಟ್ಟೆಕಿಚ್ಚು. ಅವಳು ಅಂಚೆ ಒಡೆಯುವಾಗ ಯಾರದೋ ಕಾಗದಕ್ಕೆ ಕಾದಿದ್ದವಳ ಹಾಗೆ ಒಡೆಯುತ್ತಾಳೆ, ಅದನ್ನು ಕಂಡರೂ ಉರಿ. ನನ್ನ ಊಟದ ಸುದ್ದಿ ನೀನು ಅವಳ ಹತ್ತಿರ ಕೇಳಿದ್ದಕ್ಕೆ ಎಲ್ಲಕ್ಕಿಂತ ಹೆಚ್ಚು. ನನ್ನನ್ನೇ ಕೇಳಬಹುದಿತ್ತು ಎನ್ನಲು ಹೊರಟೆ. ಆಮೇಲೆ ಆರು ಅಂಕ ನೆನಪಾಯಿತು.

ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡುತ್ತೇನೆ ಅಮ್ಮಾ. ಈಗ ಅವಳು ಕವರಿನ ಕೋಣೆಗೇ ಡಬ್ಬಿ ತಂದು ಎದುರಿಗೆ ಕೂರುತ್ತಾಳೆ. ಅವಳ ಉಪ್ಪಿನಕಾಯಿ ಚೆನ್ನಾಗಿದೆ. ಅದಕ್ಕೂ ಹೊಟ್ಟೆಕಿಚ್ಚು.

ಹಾಳೆ ಕಳಿಸಿಕೊಡಲಾ, ದಾರ ಬಿಚ್ಚುತ್ತೀಯಾ?

ಹೊಲಿದವಳು


ಅಕ್ಟೋಬರ್ ೬

ಹೊಲಿದವಳೇ,

ಫಲಿತಾಂಶ ಬಂತು. ನೂರಕ್ಕೆ ಅರವತ್ತು. ಅಂದರೆ ಹತ್ತಕ್ಕೆ ಆರು. ಹತ್ತು ವರ್ಷ ಕಳೆದರೂ ನಾನು ನೀನು ಕೊಟ್ಟಲ್ಲೇ ಇದ್ದೇನೆ ಎಂದು ಕೋಣೆಯಲ್ಲಿ ಹೇಳಿ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಪಾಸಾಗಲು ಐವತ್ತೈದು ಸಾಕಿತ್ತು. ಸೋಮವಾರದಿಂದ ಬೀಗದ ಕೈ ನನ್ನ ಸೊಂಟದಲ್ಲಿ.

ಅಧಿಕೃತ ಪತ್ರದಲ್ಲಿ ಅರ್ಧ ಬಿಟ್ಟೆ. ಆ ಪಾಠಕ್ಕೆ ದಿನ ಸಾಲಲಿಲ್ಲ, ಯಾಕೆಂದು ನಿನಗೆ ಗೊತ್ತು. ಇದನ್ನು ಚುಚ್ಚಲು ಬರೆಯುತ್ತಿಲ್ಲ. ಬರೆಯದೆ ಬಿಟ್ಟರೆ ಇನ್ನೊಂದು ಹರುಕಾಗುತ್ತದೆ.

ಆ ಮೇಡಂಗೆ ಕಾಗದ ಬರೆದೆ. ಇನ್ನು ಮೇಲೆ ಊಟದ ಪ್ರಶ್ನೆ ನೇರವಾಗಿ ಕೇಳುತ್ತೇನೆ ಎಂದು ತಿಳಿಸಿದ್ದೇನೆ.

ದಾರದ ವಿಷಯ. ಅದನ್ನು ಅಂಚೆಯಲ್ಲಿ ಬಿಚ್ಚಲು ಆಗುವುದಿಲ್ಲ. ಹೊಲಿದವಳು ಬಟ್ಟೆ ತಂದು ಕೊಡಬೇಕು, ಕಟ್ಟಿದವಳು ಕಿಟಕಿಗೆ ಹಿಡಿದು ನೋಡಬೇಕು. ಇಪ್ಪತ್ತೆರಡು ವರ್ಷದ ಪದ್ಧತಿ, ಉಸ್ತುವಾರಿಯೇ ಮುರಿದರೆ ಹೇಗೆ?

ಬೀಗದ ಕೈ ಸಮೇತ
ಅಮ್ಮ


ಅಕ್ಟೋಬರ್ ೧೧

ಅಮ್ಮಾ,

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹಾಳೆ ತರುತ್ತೇನೆ.

ಟವೆಲ್ಲುಗಳ ಕೆಳಗಿನ ಆ ಕಾಗದ ತೆಗೆದಿಡು. ಅದರಲ್ಲಿ ಏನಿತ್ತು ಎಂದು ಜೂನಿನಲ್ಲಿ ನೀನು ಕೇಳಿದ್ದೆ. ನನಗೆ ಗೊತ್ತಿಲ್ಲ. ಅದನ್ನು ತಿದ್ದಿದ್ದೆ, ಓದಿರಲಿಲ್ಲ.

ಪೆನ್ನು ತರುವುದಿಲ್ಲ.

ನಿನ್ನ ಮಗಳು